ಕನ್ನಡಿ ಅಲ್ಮಾರಿಯ ಫೋಟೋ ಮತ್ತು ಒಂದು ಎಡಗಾಲಿನ ಚಪ್ಪಲಿ

ಮಂದಾಕಿನಿ, ಗಂಡ ದಿವಂಗತ ವೀರಭದ್ರಪ್ಪ, ವಯಸ್ಸು 61 ವರ್ಷ, ಉದ್ಯೋಗ ನಿವೃತ್ತ ಕನ್ನಡ ಶಿಕ್ಷಕಿ, ವಾಸ ಮನೆ ನಂ. 14-62, ಮೊದಲನೇ ಮಹಡಿ, ರೈಲ್ವೆ ಗೇಟಿನ ಹಿಂದಿನ ಓಣಿ, ಮಲ್ಕಾಜ್‌ಗಿರಿ, ಹೈದರಾಬಾದ್. ಈ ದಿನ 20-11-2014, ಗುರುವಾರ, ಬೆಳಿಗ್ಗೆ 10 ಗಂಟೆಗೆ ಠಾಣೆಗೆ ಖುದ್ದಾಗಿ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಜಹೀರಾಬಾದ್ ಕಡೆಯವರಾದ ಹೆಡ್ ಕಾನ್‌ಸ್ಟೇಬಲ್ ಕಲ್ಯಾಣಪ್ಪನವರು ಬರೆದುಕೊಳ್ಳುತ್ತಿದ್ದಾರೆ. ತೆಲುಗು ಅನುವಾದವನ್ನು ಅವರೇ ಮಾಡಿ ಲಗತ್ತಿಸುತ್ತಾರೆ. ಯಾರು ಏನು ಆಡಿದರೋ ಅದನ್ನು ಆಡಿದಂತೆಯೇ ಬರೆಯಬೇಕೆಂದು ಕೇಳಿಕೊಂಡಿದ್ದೇನೆ. 1978ರ ಜೂನ್ ತಿಂಗಳಲ್ಲಿ ನನ್ನ ಗಂಡನ ಸೈಕಲ್ ಕಳುವಾದಾಗ ಇಂಥದೇ ಒಂದು ಹೇಳಿಕೆ ಕೊಟ್ಟಿದ್ದೆ. ಹಸಿರು ಸೈಕಲ್ ಎಂದು ನಾನು ಹೇಳಿದ್ದನ್ನು ಕಪ್ಪು ಎಂದು ಬರೆದುಕೊಂಡಿದ್ದರು. ಹಸಿರು ಸೈಕಲನ್ನು ಯಾರೂ ಹುಡುಕಲಿಲ್ಲ. ಆದ್ದರಿಂದ ಈ ಸಲ ಪ್ರತಿ ಪುಟವನ್ನೂ ಓದಿಯೇ ಸಹಿ ಮಾಡುತ್ತೇನೆ.

ಮನೆ ನನ್ನದು. ಕೆಳಗಿನ ಅಂತಸ್ತಿನಲ್ಲಿ ಹದಿನಾರು ವರ್ಷಗಳಿಂದ ಉಮಾಬಾಯಿ, ವಯಸ್ಸು ಸುಮಾರು 55, ಬಾಡಿಗೆಗಿದ್ದಾರೆ. ಮೇಲೆ ನಾನು ಮತ್ತು ಶೈಲಾ, ವಯಸ್ಸು 26, ಇದ್ದೇವೆ. ಶೈಲಾ ನನ್ನ ಹಳೆಯ ವಿದ್ಯಾರ್ಥಿನಿ ಹುಸೇನಮ್ಮನ ಮಗಳು, ರಾಯಚೂರಿನವಳು, ಗಚ್ಚಿಬೌಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಎರಡು ವರ್ಷದ ಹಿಂದೆ ಹುಸೇನಮ್ಮ ಇವಳನ್ನು ಕರೆತಂದು ಬಿಟ್ಟಾಗ, "ನಿಮ್ಮ ಕೈಯಾಗ ಕೊಟ್ಟೀನ್ರಿ ಟೀಚರ್, ಇನ್ನ ನಾ ಚಿಂತಿ ಮಾಡಂಗಿಲ್ಲ" ಎಂದು ಹೇಳಿ ಹೋಗಿದ್ದಾಳೆ. ಮನೆಯ ಮೆಟ್ಟಿಲು ಹೊರಗಡೆಯಿಂದಲೇ ಇದೆ. ಮೊದಲನೇ ಮಹಡಿಗೆ ಹದಿನೆಂಟು ಮೆಟ್ಟಿಲು, ಅಲ್ಲಿಂದ ಮಾಳಿಗೆಗೆ ಹದಿನಾರು. ಮಾಳಿಗೆಗೆ ಬಾಗಿಲಿಲ್ಲ.

ನನ್ನ ಪುಸ್ತಕಗಳು ನೆಲದ ಮೇಲೆ ಸಾಲಾಗಿ ನಿಂತು ನಾಲ್ಕು ವರ್ಷವಾಗಿತ್ತು. ಅವಕ್ಕೆ ಕಪಾಟು ಮಾಡಿಸಲು ಜಾಗ ಬೇಕಾಗಿದ್ದರಿಂದ ನಡುಮನೆಯ ಕಬ್ಬಿಣದ ಅಲ್ಮಾರಿಯನ್ನು ಮಾರಲು ನಿರ್ಧರಿಸಿದೆ. ಅದರ ಬಲಬಾಗಿಲಿಗೆ ಆಳುದ್ದದ ಕನ್ನಡಿ ಇದೆ. ಅಕ್ಟೋಬರ್ 25ರಂದು ಶೈಲಾಳ ಸಹಾಯದಿಂದ ಹಳೆಯ ಸಾಮಾನು ಮಾರುವ ಒಂದು ಜಾಲತಾಣದಲ್ಲಿ ಜಾಹೀರಾತು ಹಾಕಿದೆ. ಫೋಟೋ ನಾನೇ ತೆಗೆದಿದ್ದೆ. ಪೂರ್ತಿ ವಿಳಾಸ ಕೊಡುವುದು ಬೇಡವೆಂದು ಶೈಲಾ ಎರಡು ಸಲ ಹೇಳಿದಳು. ವಿಳಾಸವಿಲ್ಲದ ಜಾಹೀರಾತಿಗೂ ಅನಾಮಧೇಯ ಪತ್ರಕ್ಕೂ ವ್ಯತ್ಯಾಸವಿಲ್ಲವೆಂದು ವಾದಿಸಿ ನಾನೇ ಹಾಕಿಸಿದೆ. ಈ ತಪ್ಪು ನನ್ನದು. ಇದನ್ನು ಹೀಗೆಯೇ ಬರೆಯಬೇಕು.

ಹದಿನೈದು ದಿನ ಒಬ್ಬರೂ ವಿಚಾರಿಸಲಿಲ್ಲ. ನವೆಂಬರ್ 9, ಭಾನುವಾರ, ಶೈಲಾ ನನ್ನ ಫೋಟೋಗಳನ್ನು ನೋಡಿ ನಕ್ಕಳು. "ಇದೇನ್ ಅಲ್ಮಾರಿ ಏನ್ರಿ ಟೀಚರ್, ಭೂತ ನಿಂತಂಗ ಐತಿ. ಲೈಟ್ ಹಾಕಿ ತೆಗದ್ರ ಕಬ್ಬಿಣ ಹಳದಿ ಕಾಣ್ತೈತ್ರಿ. ನಾ ತೆಗೀತೀನಿ, ನೀವು ಕನ್ನಡಿ ಒರಸ್ರಿ" ಎಂದಳು. ಬೆಳಿಗ್ಗೆ 9ರಿಂದ 10ರವರೆಗೆ ಪೂರ್ವದ ಕಿಟಕಿಯಿಂದ ಒಳ್ಳೆಯ ಬೆಳಕು ಬರುತ್ತದೆ. ಆ ಹೊತ್ತಿನಲ್ಲೇ ಅವಳು ತೆಗೆದಳು. ದೀಪ ಆರಿಸಿದಳು. ಸುತ್ತಲಿನ ಬಕೆಟ್ಟು, ಕೊಡೆ, ಪತ್ರಿಕೆಗಳ ಗಂಟು ಎಲ್ಲವನ್ನೂ ಸರಿಸಿದಳು. ಕೆಳಗಿನ ತುಕ್ಕನ್ನು, ಒಂದು ತಗ್ಗನ್ನು ಹತ್ತಿರದಿಂದ ಬೇರೆಯಾಗಿ ತೆಗೆದಳು. ದೋಷ ಮುಚ್ಚಿದರೆ ಕೊಳ್ಳುವವರು ಬಂದು ನೋಡಿ ಜಗಳ ತೆಗೆಯುತ್ತಾರೆ ಎಂದಳು. ತಗ್ಗಿನ ಅಳತೆ ತಿಳಿಯಲಿ ಎಂದು ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವನ್ನು ಟೇಪಿನಿಂದ ಅಂಟಿಸಿದಳು. ಎತ್ತರದ ಸಾಮಾನಿನ ಫೋಟೋ ತೆಗೆಯುವಾಗ ಫೋನನ್ನು ಕಣ್ಣಿನ ಮಟ್ಟದಲ್ಲಲ್ಲ, ಸಾಮಾನಿನ ನಡುಮಟ್ಟದಲ್ಲಿ ಹಿಡಿಯಬೇಕು, ಇಲ್ಲದಿದ್ದರೆ ಅದು ಹಿಂದಕ್ಕೆ ವಾಲಿದಂತೆ ಕಾಣುತ್ತದೆ ಎಂದು ನನಗೆ ತೋರಿಸಿಕೊಟ್ಟಳು.

ಕನ್ನಡಿಯಲ್ಲಿ ತಾನು ಬೀಳಬಾರದೆಂದು ಅವಳು ಮೊದಲು ಓರೆಯಾಗಿ ನಿಂತು ತೆಗೆದಿದ್ದಳು. ಕನ್ನಡಿ ಒಡೆದಿಲ್ಲವೆಂದು ಜನರಿಗೆ ಹೇಗೆ ತಿಳಿಯಬೇಕು, ನೇರವಾಗಿ ಒಂದು ತೆಗೆ ಎಂದು ನಾನು ಒತ್ತಾಯಿಸಿದೆ. "ಹಂಗಾರ ನಾನೂ ಫ್ರೀ ಬರ್ತೀನಂತ ತಿಳ್ಕೊಂತಾರ ನೋಡ್ರಿ" ಎಂದು ನಗುತ್ತಲೇ ತೆಗೆದಳು. ಫೋನು ಹೊಟ್ಟೆಯ ಮಟ್ಟದಲ್ಲಿತ್ತು. ಮುಖ ಸ್ಪಷ್ಟವಾಗಿ ಬಂದಿದೆ. ಕನ್ನಡಿಯನ್ನು ಪತ್ರಿಕೆಯ ಕಾಗದ ಒದ್ದೆ ಮಾಡಿ ಒರೆಸಿದವಳು ನಾನು.

ಅಲ್ಮಾರಿಯ ಎಡಕ್ಕೆ, ಒಂದೂವರೆ ಅಡಿ ದೂರದಲ್ಲಿ, ಗೋಡೆಗೆ ಕ್ಯಾಲೆಂಡರ್ ಇತ್ತು. ಶೈಲಾಳ ಪಾಳಿ ಬದಲಾಗುತ್ತಿರುತ್ತದೆ. ಅನ್ನಕ್ಕೆ ಎಷ್ಟು ಅಕ್ಕಿ ಇಡಬೇಕೆಂದು ತಿಳಿಯಲು, ಅವಳು ಊಟಕ್ಕೆ ಇರದ ದಿನಗಳ ಚೌಕದಲ್ಲಿ "ಶೈಲಾ ಇಲ್ಲ" ಎಂದು ನಾನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಆ ತಿಂಗಳು 17, 18 ಮತ್ತು 25ನೇ ತಾರೀಖಿನ ಚೌಕಗಳಲ್ಲಿ ಬರೆದಿದ್ದೆ. ಕ್ಯಾಲೆಂಡರ್ ತೆಗೆಯಲೇ ಎಂದು ಕೇಳಿದ್ದಕ್ಕೆ, "ಇರ್ಲಿ ಬಿಡ್ರಿ, ಕನ್ನಡ ಈ ಊರಾಗ ಯಾರ್ ಓದ್ತಾರ" ಎಂದಳು. ನನಗೂ ಸರಿಯೆನಿಸಿತು. ಮೂವತ್ತೆರಡು ವರ್ಷ ಮಕ್ಕಳಿಗೆ ಕನ್ನಡ ಅಕ್ಷರವೂ ತೆಲುಗು ಅಕ್ಷರವೂ ಒಂದೇ ಬೇರಿನವು ಎಂದು ಪಾಠ ಮಾಡಿದವಳು ನಾನು.

ಹೊಸ ಫೋಟೋ ಹಾಕಿದ ಎರಡು ದಿನದಲ್ಲಿ 218 ಜನ ನೋಡಿದರು. 31 ಜನ ಫೋನ್ ಮಾಡಿದರು. ಆರು ಜನ ಬಂದು ನೋಡಿ ಹೋದರು, ಆ ಆರೂ ಜನರ ಹೆಸರು ಮತ್ತು ನಂಬರುಗಳನ್ನು ಬರೆದಿಟ್ಟುಕೊಂಡಿದ್ದೇನೆ. ಅವರಲ್ಲಿ ಯಾರ ಮೇಲೂ ನನಗೆ ಸಂಶಯವಿಲ್ಲ.

ನವೆಂಬರ್ 16ರ ಸಂಜೆ ಶೈಲಾ ರಾಯಚೂರಿಗೆ ಹೋದಳು. 17, ಸೋಮವಾರ, ಮಧ್ಯಾಹ್ನ 4 ಗಂಟೆ 10 ನಿಮಿಷಕ್ಕೆ ಗಂಟೆ ಬಾರಿಸಿತು. ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ. ವಯಸ್ಸು ಸುಮಾರು 30, ಎತ್ತರ ಐದೂವರೆ ಅಡಿ, ತಿಳಿ ನೀಲಿ ಅಂಗಿ, ಹೆಗಲಲ್ಲಿ ಚೀಲ, ಕೊರಳಲ್ಲಿ ಕಂಪನಿಯವರು ಹಾಕಿಕೊಳ್ಳುವಂಥ ಪಟ್ಟಿ. ಪಟ್ಟಿಯ ಕಾರ್ಡು ಹಿಂದುಮುಂದಾಗಿ ತಿರುಗಿತ್ತು. ಈಗಿನ ಹೈದರಾಬಾದಿನಲ್ಲಿ ಕೊರಳಲ್ಲಿ ಪಟ್ಟಿಯಿದ್ದವನನ್ನು ಯಾರೂ ಏನೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಅಲ್ಮಾರಿ ನೋಡಲು ಬಂದೆನೆಂದು ತೆಲುಗಿನಲ್ಲಿ ಹೇಳಿದ. ಒಳಗೆ ಕರೆದೆ.

ಅವನು ಅಲ್ಮಾರಿಯ ಬಾಗಿಲು ತೆರೆಯಲಿಲ್ಲ. ಬೆಲೆ ಕೇಳಲಿಲ್ಲ. ತುಕ್ಕು ಎಲ್ಲಿದೆ ಎಂದು ಬಗ್ಗಿ ನೋಡಲಿಲ್ಲ. ಕನ್ನಡಿಯ ಮುಂದೆ, ಶೈಲಾ ಫೋಟೋ ತೆಗೆಯಲು ನಿಂತಿದ್ದ ಜಾಗದಲ್ಲೇ ನಿಂತು, ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಅರ್ಧ ಹೆಜ್ಜೆ ಮುಂದೆ ಬಂದು ಸರಿಯಾಗಿ ನಿಂತ. ಆಮೇಲೆ ಕ್ಯಾಲೆಂಡರ್ ಬಳಿ ಹೋಗಿ 17ನೇ ತಾರೀಖಿನ ಚೌಕದ ಮೇಲೆ ಬೆರಳಿಟ್ಟ. "ಶೈಲಾಗಾರು ಇಂಟ್ಲೋ ಲೇರಾ?" ಎಂದು ಕೇಳಿದ. ಶೈಲಾ ಮನೆಯಲ್ಲಿಲ್ಲವೇ ಎಂದು ಇದರರ್ಥ. ಜಾಹೀರಾತಿನಲ್ಲಿ ನನ್ನ ಹೆಸರು ಮಾತ್ರ ಇತ್ತು. ಅಂಥವರು ಇಲ್ಲಿ ಯಾರೂ ಇಲ್ಲವೆಂದು ನಾನು ಹೇಳಿದೆ. ಅವನು ನಕ್ಕು, ಇವತ್ತು ಇರಲೇಬೇಕಲ್ಲ, ಕಾಯುತ್ತೇನೆ ಎಂದು ಹೇಳಿ ಬೆತ್ತದ ಕುರ್ಚಿಯಲ್ಲಿ ಕುಳಿತ. ಕುರ್ಚಿ ಬಾಗಿಲಿಗೂ ನನಗೂ ನಡುವೆ ಇತ್ತು.

ಅವನು 40 ನಿಮಿಷ ಕುಳಿತಿದ್ದ. ನನ್ನನ್ನು ಮುಟ್ಟಲಿಲ್ಲ, ಬೈಯಲಿಲ್ಲ, ಧ್ವನಿ ಎತ್ತರಿಸಲಿಲ್ಲ. ಒಂದು ಸಲ ನೀರು ಕೇಳಿದ. ನನ್ನ ಪಕ್ಕದಲ್ಲಿದ್ದ ಹೂಜಿಯಿಂದ ಕುಳಿತಲ್ಲೇ ಬಗ್ಗಿಸಿ ಕೊಟ್ಟೆ. ಕೊಡುವಾಗ ಲೋಟದಿಂದ ನೀರು ಚೆಲ್ಲಿತು. ಪರವಾಗಿಲ್ಲ, ನಿಧಾನ ಎಂದ. ಅವಳ ಕೋಣೆ ಯಾವುದು ಎಂದು ಕೇಳಿದ. ಉತ್ತರ ಕೊಡಲಿಲ್ಲ. ನನ್ನ ಫೋನು ಅಡುಗೆಮನೆಯ ಕಟ್ಟೆಯ ಮೇಲಿತ್ತು, ನಾನು ಕುಳಿತಲ್ಲಿಂದ ಹನ್ನೊಂದು ಅಡಿ. ಆ ಹನ್ನೊಂದು ಅಡಿಯನ್ನು ನಾನು ದಾಟಲಿಲ್ಲ. ಯಾಕೆ ದಾಟಲಿಲ್ಲವೆಂದು ಕಲ್ಯಾಣಪ್ಪನವರು ಕೇಳುತ್ತಿದ್ದಾರೆ. ನನಗೆ ಏಳಲಾಗಲಿಲ್ಲ.

4 ಗಂಟೆ 50 ನಿಮಿಷಕ್ಕೆ ಕೆಳಗಿನಿಂದ ಉಮಾಬಾಯಿ, "ಟೀಚರಮ್ಮಾ, ನಳಾ ಬಂದಾವ, ಮೋಟಾರ್ ಹಾಕ್ರಿ!" ಎಂದು ಕೂಗಿದರು. ನಮ್ಮ ಓಣಿಗೆ ದಿನ ಬಿಟ್ಟು ದಿನ ನೀರು ಬರುತ್ತದೆ. ನಾನು ಓಗೊಡಲಿಲ್ಲ. ಅವರು ಇನ್ನೆರಡು ಸಲ ಕೂಗಿ, "ಕಿವಿಯಾಗ ಪುಸ್ತಕ ತುರಕ್ಕೊಂಡ್ ಕುಂತಾಳೇನ್ ಈಕಿ" ಎಂದು ಬೈಯುತ್ತ ಮೆಟ್ಟಿಲು ಹತ್ತಿ ಬಂದರು. ನನ್ನ ಮುಖವನ್ನೂ ಅವನನ್ನೂ ನೋಡಿದರು. ಅವನಿಗೆ ಹೈದರಾಬಾದಿ ಹಿಂದಿಯಲ್ಲಿ, "ಕ್ಯಾ ಜೀ, ಅಲ್ಮಾರಿ ಲೇಜಾನೇ ಕೂ ಆಯೇ ಕ್ಯಾ, ಬೈಠ್ನೇ ಕೂ ಆಯೇ?" ಎಂದು ಕೇಳಿದರು. ಅಲ್ಮಾರಿ ಒಯ್ಯಲು ಬಂದೆಯೋ ಕೂರಲು ಬಂದೆಯೋ ಎಂದು. "ಒಯ್ಯೋದಿದ್ರ ಒಂದ್ ಕಡಿ ಹಿಡಿ, ಇನ್ನೊಂದ್ ಕಡಿ ನಾ ಹಿಡೀತೀನಿ. ಹೂಂ, ಏಳು!" ಎಂದು ಕನ್ನಡದಲ್ಲೂ ಹೇಳಿ ಸೆರಗು ಸಿಕ್ಕಿಸಿದರು. ಅವನು ಎದ್ದ. ಬಾಗಿಲ ಬಳಿ ಚಪ್ಪಲಿ ಗೂಡಿನ ಮುಂದೆ ಒಂದು ನಿಮಿಷ ಕುಕ್ಕರಗಾಲಿನಲ್ಲಿ ಕುಳಿತು ಶೂ ಕಟ್ಟಿಕೊಂಡು, ಚೀಲ ಹೆಗಲಿಗೇರಿಸಿ ಇಳಿದು ಹೋದ. ಸಂಜೆ 6 ಗಂಟೆ 30 ನಿಮಿಷಕ್ಕೆ ನೋಡಿದಾಗ ಗೂಡಿನಲ್ಲಿ ಶೈಲಾಳ ನೀಲಿ ಪಟ್ಟಿಯ ಚಪ್ಪಲಿಗಳಲ್ಲಿ ಬಲಗಾಲಿನದು ಮಾತ್ರ ಇತ್ತು.

18, ಮಂಗಳವಾರ, ಬೆಳಿಗ್ಗೆ 11 ಗಂಟೆಗೆ ನಾನು ಮೊದಲ ಸಲ ಠಾಣೆಗೆ ಬಂದೆ. ಆಗ ಇದ್ದ ಅಧಿಕಾರಿ, ತೆಲುಗಿನವರು, ಏನು ಕಳುವಾಗಿದೆ ಎಂದು ಕೇಳಿದರು. ಒಂಟಿ ಚಪ್ಪಲಿ ಎಂದೆ. ಒಂಟಿ ಚಪ್ಪಲಿಗೆ ಎಫ್.ಐ.ಆರ್. ಬರೆದರೆ ಮೇಲಿನವರು ನಗುತ್ತಾರಮ್ಮ, ನಾಯಿ ಒಯ್ದಿರಬಹುದು ಎಂದರು. ನಾಯಿ ಹದಿನೆಂಟು ಮೆಟ್ಟಿಲು ಹತ್ತಿ, ಗಂಟೆ ಬಾರಿಸಿ, ನೀರು ಕೇಳಿ ಕುಡಿಯುವುದಿಲ್ಲವೆಂದು ಹೇಳಿದೆ. ಆಮೇಲೆ ಅವರು ಜಾಹೀರಾತನ್ನು ತೋರಿಸಲು ಹೇಳಿದರು. ಕನ್ನಡಿಯ ಫೋಟೋವನ್ನು ಎರಡು ಬೆರಳಿನಿಂದ ದೊಡ್ಡದು ಮಾಡುತ್ತಾ ಹೋದರು. ಶೈಲಾ ಎಷ್ಟು ಚೆನ್ನಾಗಿ ತೆಗೆದಿದ್ದಳೆಂದರೆ ಎಷ್ಟು ಹಿಗ್ಗಿಸಿದರೂ ಅಕ್ಷರ ಒಡೆಯಲಿಲ್ಲ. ಅವರು ಕ್ಯಾಲೆಂಡರಿನ ಚೌಕವನ್ನು ಕೂಡಿಸಿ ಕೂಡಿಸಿ ಓದಿದರು: "ಶೈ... ಲಾ... ಇಲ್ಲ." ಓದಿ ತಲೆಯೆತ್ತಿ, "ಏಮಮ್ಮಾ, ಇಲ್ಲು ನೀದಿ ಅನಿ ಚೆಪ್ಪಾವು, ಇಕ್ಕಡ ಶೈಲಾ ಇಲ್ಲು ಅನಿ ಉಂದಿ?" ಎಂದು ಕೇಳಿದರು.

ತೆಲುಗಿನಲ್ಲಿ ಇಲ್ಲು ಎಂದರೆ ಮನೆ. ಮನೆ ನಿನ್ನದೆಂದು ನೀನು ಹೇಳಿದೆ, ಇಲ್ಲಿ ಶೈಲಾಳ ಮನೆ ಎಂದು ಬರೆದಿದೆಯಲ್ಲ ಎಂದು ಅವರ ಪ್ರಶ್ನೆ. ಕೊಂಬು ಬಿಟ್ಟುಹೋಗಿದೆ, ಟೀಚರ್ ಆಗಿ ತಪ್ಪು ಬರೆದಿದ್ದೀರಿ ಎಂದೂ ಹೇಳಿ ನಕ್ಕರು.

ನಾನು ಅಲ್ಲಿಯೇ ಬೆಂಚಿನ ಮೇಲೆ ಕುಳಿತೆ. ಅವನು ಯಾಕೆ ಸೋಮವಾರವೇ ಬಂದ, ಯಾಕೆ ಇವತ್ತು ಇರಲೇಬೇಕಲ್ಲ ಎಂದ, ಯಾಕೆ ಆ ಚೌಕದ ಮೇಲೆಯೇ ಬೆರಳಿಟ್ಟ ಎಂಬುದೆಲ್ಲ ಆಗ ತಿಳಿಯಿತು. ಅವಳು ಇಲ್ಲ ಎಂದು ನಾನು ಬರೆದ ದಿನವನ್ನು ಅವಳು ಮನೆಯಲ್ಲಿರುವ ದಿನವೆಂದು ಅವನು ಓದಿಕೊಂಡಿದ್ದ. ಒಂದು ಕೊಂಬಿನ ಅಂತರದಲ್ಲಿ ಹುಡುಗಿ ಉಳಿದಿದ್ದಾಳೆ. ಇದನ್ನು ಅಧಿಕಾರಿಗೆ ವಿವರಿಸಿದೆ. ಅವರು ನಗುವುದನ್ನು ನಿಲ್ಲಿಸಿದರು, ಆದರೆ ಬರೆದುಕೊಳ್ಳಲಿಲ್ಲ. ಜಾಹೀರಾತು ಅಳಿಸಿ, ಬಾಗಿಲು ಭದ್ರ ಮಾಡಿಕೊಳ್ಳಿ ಎಂದು ಹೇಳಿ ಕಳುಹಿಸಿದರು.

ಅದೇ ದಿನ ಮಧ್ಯಾಹ್ನ 1 ಗಂಟೆಗೆ ಜಾಹೀರಾತು ಅಳಿಸಿ, ಕ್ಯಾಲೆಂಡರ್ ಹರಿದು ಒಲೆಗೆ ಹಾಕಿದೆ. ಬಾಗಿಲಿಗೆ ಹೊಸ ಚಿಲಕ ಹಾಕಿಸಿದೆ. ಶೈಲಾಳಿಗೆ ಫೋನ್ ಮಾಡಿ ಬರಬೇಡವೆಂದೆ. ಅವನ ಚಹರೆ ಹೇಳಿದೆ. ಅಂಥವನು ತನಗೆ ಗೊತ್ತಿಲ್ಲ, ಆಫೀಸಿನಲ್ಲೂ ಕ್ಯಾಬಿನಲ್ಲೂ ಅರ್ಧ ಜನ ಹಾಗೆಯೇ ಇರುತ್ತಾರೆ ಎಂದಳು. ಆಮೇಲೆ, "ನನ್ನ ಚಪ್ಲಿ ಒಯ್ದು ಏನ್ ಮಾಡ್ತಾನ್ರಿ ಟೀಚರ್?" ಎಂದು ಕೇಳಿದಳು.

19, ಬುಧವಾರ, ನಾನು ಮನೆಯಿಂದ ಹೊರಗೆ ಹೋಗಲಿಲ್ಲ. ಮಧ್ಯಾಹ್ನ 2 ಗಂಟೆಯ ಹೊತ್ತಿಗೆ ಮಾಳಿಗೆಯ ಮೇಲೆ ಯಾರೋ ಓಡಾಡಿದ ಸಪ್ಪಳ ಕೇಳಿಸಿತು. ನಡೆದು, ನಿಂತು, ಮತ್ತೆ ನಡೆದ ಸಪ್ಪಳ. ಹತ್ತು ನಿಮಿಷ ಇರಬಹುದು. ಉಮಾಬಾಯಿ ಮಾಳಿಗೆಯಲ್ಲಿ ಸಂಡಿಗೆ ಒಣಗಲು ಹಾಕಿದ್ದರು, ತಿರುವಿ ಹಾಕಲು ಹೋಗಿದ್ದಾರೆಂದು ತಿಳಿದು ಧೈರ್ಯದಿಂದ ಊಟ ಮಾಡಿದೆ.

ಈ ದಿನ ಬೆಳಿಗ್ಗೆ 7 ಗಂಟೆ 20 ನಿಮಿಷಕ್ಕೆ ಶೈಲಾ ಫೋನ್ ಮಾಡಿದಳು. ಅದೇ ಜಾಲತಾಣದಲ್ಲಿ, ಮಲ್ಕಾಜ್‌ಗಿರಿಯ ಸಾಮಾನುಗಳ ಪಟ್ಟಿಯಲ್ಲಿ, ಒಂದು ಚಪ್ಪಲಿ ಮಾರಾಟಕ್ಕಿದೆ ಎಂದು ಹೇಳಿದಳು. ನಾನು ತೆರೆದು ನೋಡಿದೆ. ನಾಲ್ಕು ಫೋಟೋಗಳಿವೆ. ಚಪ್ಪಲಿಯನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು ಹಗಲು ಬೆಳಕಿನಲ್ಲಿ ತೆಗೆದಿದ್ದಾನೆ. ಒಂದು ಮುಂದಿನಿಂದ, ಒಂದು ಪಕ್ಕದಿಂದ, ಒಂದು ಅಡಿಯನ್ನು ತೋರಿಸಿ. ನಾಲ್ಕನೆಯದರಲ್ಲಿ ಪಟ್ಟಿ ಸವೆದ ಜಾಗವನ್ನು ಹತ್ತಿರದಿಂದ ತೋರಿಸಿ, ಅಳತೆ ತಿಳಿಯಲೆಂದು ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯ ಇಟ್ಟಿದ್ದಾನೆ. ಫೋಟೋಗಳು ಬಹಳ ಚೆನ್ನಾಗಿವೆ. ಶೈಲಾ ನನಗೆ ಹೇಳಿಕೊಟ್ಟ ಒಂದೊಂದು ಮಾತನ್ನೂ ಪಾಲಿಸಿದಂತಿವೆ. ಅಲ್ಮಾರಿಯ ಫೋಟೋಗಳನ್ನು ನೋಡಿಯೇ ಅವನು ಅವಳಿಂದ ಅಷ್ಟನ್ನೂ ಕಲಿತಿದ್ದಾನೆ.

ಉಮಾಬಾಯಿಯವರನ್ನು ಕರೆದು ತೋರಿಸಿದೆ. ಅವರು ಚಪ್ಪಲಿಯನ್ನು ನೋಡಲಿಲ್ಲ, ಬಟ್ಟೆಯನ್ನು ನೋಡಿದರು. "ಟೀಚರಮ್ಮಾ, ಇದು ನಂದೇ ಧೋತ್ರಾರೀ. ಇಲ್ನೋಡ್ರಿ, ಕೆಂಪ ದಾರದಾಗ ನಾನೇ ಹೊಲದೀನಿ. ಸಂಡಿಗಿ ಹಾಕಿದ್ದು" ಎಂದರು. ಫೋಟೋದ ಮೂಲೆಯಲ್ಲಿ ಎರಡು ಸಂಡಿಗೆ ಕಾಣುತ್ತವೆ. ನಿನ್ನೆ ಮಧ್ಯಾಹ್ನ ತಿರುವಿ ಹಾಕಲು ಹೋಗಿದ್ದೀರಾ ಎಂದು ಕೇಳಿದೆ. ಬೆಳಿಗ್ಗೆ 11ಕ್ಕೆ ಇಳಿದವರು ಸಂಜೆ 5ರವರೆಗೆ ಮೇಲೆ ಹೋಗಿಲ್ಲವೆಂದರು. ಇದನ್ನು ಹೇಳಿದವರೇ, ಹದಿನಾರು ವರ್ಷದಲ್ಲಿ ಮೊದಲ ಸಲ, ಉಮಾಬಾಯಿ ಎದ್ದು ಹೋಗಿ ನನ್ನ ಬಾಗಿಲಿನ ಚಿಲಕವನ್ನು ತಾವೇ ಒಳಗಿನಿಂದ ಹಾಕಿದರು.

ಆ ಜಾಹೀರಾತಿನಲ್ಲಿ ಬೆಲೆ ಇಲ್ಲ. ಫೋನ್ ನಂಬರ್ ಇಲ್ಲ. ವಿವರದ ಜಾಗದಲ್ಲಿ ಒಂದೇ ಸಾಲು ಇದೆ. ಅಕ್ಷರಗಳು ತೆಲುಗಿನವು, ಮಾತು ಕನ್ನಡದ್ದು: "ಶೈಲಾ ಯಾವಾಗ ಇರ್ತಾಳ?" ಯಾರನ್ನೋ ಕೇಳಿ ಬರೆದಿದ್ದಾನೆ. ತಾನು ಓದಿದ ಪದದ ಅರ್ಥವನ್ನೂ ಅವರನ್ನೇ ಕೇಳಿರುತ್ತಾನೆ. ಸೋಮವಾರ ಅವನಿಗೆ ಆದ ತಪ್ಪು ಇನ್ನೊಮ್ಮೆ ಆಗುವುದಿಲ್ಲ. ಕ್ಯಾಲೆಂಡರಿನ ಆ ಫೋಟೋ ಅವನ ಬಳಿ ಇದ್ದರೆ, ನಾನು ಏನೂ ಬರೆಯದೆ ಬಿಟ್ಟ ಚೌಕಗಳನ್ನು ಈಗ ಎಣಿಸಿಕೊಳ್ಳಬಲ್ಲ.

ಉಮಾಬಾಯಿಯವರನ್ನೂ ಜೊತೆಗೆ ಕರೆತಂದು, ಬೆಳಿಗ್ಗೆ 10 ಗಂಟೆ 5 ನಿಮಿಷಕ್ಕೆ ಈ ಜಾಹೀರಾತನ್ನು ಕಲ್ಯಾಣಪ್ಪನವರಿಗೆ ತೋರಿಸಿದ್ದೇನೆ. ಆಗ ಅದನ್ನು 43 ಜನ ನೋಡಿದ್ದರು. ಎದುರಿನ ಅಂಗಡಿಯಲ್ಲಿ ಮುದ್ರಿಸಿಕೊಂಡು ಬಂದ ನಾಲ್ಕು ಹಾಳೆಗಳನ್ನೂ, ಬಲಗಾಲಿನ ಚಪ್ಪಲಿಯನ್ನೂ ಠಾಣೆಗೆ ಒಪ್ಪಿಸಿದ್ದೇನೆ. ಜಾಹೀರಾತು ಹಾಕಿದವರು ಯಾರೆಂದು ಜಾಲತಾಣದವರಿಂದ ತಿಳಿಯಬೇಕೆಂದೂ, ನನ್ನ ಮನೆಯ ಮಾಳಿಗೆಯನ್ನು ಇಂದೇ ಬಂದು ಪರಿಶೀಲಿಸಬೇಕೆಂದೂ, ಪ್ರಕರಣವನ್ನು ಚಪ್ಪಲಿ ಕಳವು ಎಂದು ದಾಖಲಿಸದೆ ಒಬ್ಬ ಹುಡುಗಿಯನ್ನು ಬೆನ್ನಟ್ಟಿದ್ದಾನೆ ಎಂದು ದಾಖಲಿಸಬೇಕೆಂದೂ ಕೋರುತ್ತೇನೆ. ಇದಕ್ಕೆ ಕಾನೂನಿನಲ್ಲಿ ಕಳೆದ ವರ್ಷವೇ ಕಲಮು ಸೇರಿಸಿದ್ದಾರೆ. ಪತ್ರಿಕೆಯ ಆ ತುಣುಕನ್ನು ಜೊತೆಗೆ ತಂದಿದ್ದೇನೆ.

ಬಾಧಿತಳ ಹಾಲಿ ವಿಳಾಸ ಎಂಬ ಕಾಲಮಿನಲ್ಲಿ ಏನು ಬರೆಯಲಿ ಎಂದು ಕಲ್ಯಾಣಪ್ಪನವರು ಕೇಳಿದರು. ಶೈಲಾ ಬೆಳಿಗ್ಗೆಯ ಫೋನಿನ ನಂತರ ರಾಯಚೂರಿನ ಮನೆಯನ್ನು ಬಿಟ್ಟಿದ್ದಾಳೆ. ಎಲ್ಲಿಗೆ ಹೋದಳೆಂದು ನನಗೆ ಗೊತ್ತಿದೆ, ಅವಳ ತಾಯಿಗೆ ಗೊತ್ತಿದೆ. ಬರೆಸುವುದಿಲ್ಲ ಎಂದೆ. "ಖಾಲಿ ಬಿಡಾಕ ಬರಂಗಿಲ್ರಿ ಅಮ್ಮಾರ, ಸಾಹೇಬ್ರು ಕೇಳ್ತಾರ. ನಾವ್ ಪೊಲೀಸ್ರೀ, ನಮಗರ ಹೇಳ್ರಿ" ಎಂದರು. ಈ ಕಾಗದ ಎಷ್ಟು ಮೇಜು ದಾಟುತ್ತದೆ, ಎಷ್ಟು ಜನ ಇದನ್ನು ಫೋನಿನಲ್ಲಿ ಫೋಟೋ ತೆಗೆದು ಇನ್ನೊಬ್ಬರಿಗೆ ಕಳಿಸುತ್ತಾರೆ ಎಂದು ಅವರನ್ನು ಕೇಳಿದೆ. ಅವರು ಆ ಕಾಲಮಿನಲ್ಲಿ ಒಂದು ಅಡ್ಡಗೆರೆ ಎಳೆದು, ಗೆರೆಯ ಪಕ್ಕ ತಮ್ಮ ಸಹಿ ಹಾಕಿದ್ದಾರೆ.

ಇಷ್ಟನ್ನು ನಾನು ಕಂಡಂತೆ, ಕೇಳಿದಂತೆ ಹೇಳಿದ್ದೇನೆ. ಯಾರ ಬಲವಂತವೂ ಇಲ್ಲ. ಬರೆದದ್ದನ್ನು ಓದಿಸಿ ಕೇಳಿ, ನಾನೂ ಓದಿ, ಎರಡು ಕಡೆ ಕಾಗುಣಿತ ತಿದ್ದಿಸಿ, ಸತ್ಯವೆಂದು ಒಪ್ಪಿ ಪ್ರತಿ ಪುಟಕ್ಕೂ ಸಹಿ ಮಾಡಿದ್ದೇನೆ.

ಸ್ಥಳ: ಹೈದರಾಬಾದ್
ದಿನಾಂಕ: 20-11-2014, ಮಧ್ಯಾಹ್ನ 12 ಗಂಟೆ 40 ನಿಮಿಷ

(ಸಹಿ) ಮಂದಾಕಿನಿ

ಸಾಕ್ಷಿ: ಉಮಾಬಾಯಿ, ಎಡಗೈ ಹೆಬ್ಬೆಟ್ಟು
ನನ್ನ ಸಮಕ್ಷಮ ಬರೆದುಕೊಂಡಿದ್ದು: ಕಲ್ಯಾಣಪ್ಪ, ಹೆಡ್ ಕಾನ್‌ಸ್ಟೇಬಲ್